ಉತ್ತರ ಹೇಳುವವರಿಲ್ಲದ ಕ್ರಿಸ್ಮಸ್: ತಮನ್‌ರಾಸೆಟ್, 1907

ಸಂತ ಶಾರ್ಲ್ ದ ಫುಕೊ ಅವರ ದಿನಚರಿಯಲ್ಲಿ 1907ರ ಡಿಸೆಂಬರ್ 25ಕ್ಕೆ ಸೇರಿದ ಬರಹ ಬಹಳ ಚಿಕ್ಕದು. ಇಂದು ಕ್ರಿಸ್ತಜಯಂತಿ, ತಾವು ಒಬ್ಬರೇ ಇರುವುದರಿಂದ ಬಲಿಪೂಜೆ ಇಲ್ಲ. ಇಷ್ಟೇ ಅದರ ಸಾರ. ಸಹರಾ ಮರುಭೂಮಿಯ ನಡುವಿನ ಹೊಗ್ಗಾರ್ ಪರ್ವತಪ್ರದೇಶದಲ್ಲಿ, ಇಪ್ಪತ್ತರಷ್ಟು ಗುಡಿಸಲುಗಳಿದ್ದ ತಮನ್‌ರಾಸೆಟ್ ಎಂಬ ಹಳ್ಳಿಯಲ್ಲಿ, ಗುರುದೀಕ್ಷೆ ಪಡೆದು ಆರು ವರ್ಷವಾಗಿದ್ದ ಒಬ್ಬ ಯಾಜಕರು ತಮ್ಮ ಮಣ್ಣಿನ ಮನೆಯಲ್ಲಿ ಹಬ್ಬದ ರಾತ್ರಿಯನ್ನು ಕಳೆದರು. ಬಲಿಪೀಠವಿತ್ತು, ರೊಟ್ಟಿಯಿತ್ತು, ದ್ರಾಕ್ಷಾರಸವಿತ್ತು. ಪೂಜೆಗೆ ಉತ್ತರ ಹೇಳಬಲ್ಲ ಒಬ್ಬ ಕ್ರೈಸ್ತನಿರಲಿಲ್ಲ.

ಹಬ್ಬದ ದಿನ ಒಂಟಿಯಾಗಿರುವ ಕ್ರೈಸ್ತನಿಗೆ ಸಂತೋಷ ಸಾಧ್ಯವೇ ಎಂಬ ಪ್ರಶ್ನೆಗೆ ನಮ್ಮ ಪ್ರಬೋಧನೆಗಳಲ್ಲಿ ಸುಲಭವಾದ ಉತ್ತರಗಳು ಸಿಗುತ್ತವೆ. ದೇವರು ನಿನ್ನೊಂದಿಗಿದ್ದಾರೆ, ಆದ್ದರಿಂದ ನೀನು ಒಂಟಿಯಲ್ಲ ಎಂದು ಹೇಳಿ ಮುಂದಿನ ಮನೆಗೆ ಹೋಗುತ್ತೇವೆ. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವವರು ತಾವೇ ಅದರ ಬೆಲೆಯನ್ನು ತೆತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳುವವರು ಮನಸ್ಸಿನಲ್ಲೇ ಅಳೆಯುತ್ತಾರೆ. 1907ರ ಕ್ರಿಸ್ಮಸ್‌ನಿಂದ 1908ರ ಫೆಬ್ರವರಿ ಆರಂಭದವರೆಗಿನ ಸುಮಾರು ಆರು ವಾರಗಳ ಚರಿತ್ರೆಯನ್ನು ನಾವಿಲ್ಲಿ ಸ್ವಲ್ಪ ನಿಧಾನವಾಗಿ ನೋಡಲು ಬಯಸುವುದು ಅದಕ್ಕಾಗಿಯೇ. ಬೆಲೆ ತೆತ್ತ ಒಬ್ಬರ ದಾಖಲೆ ಅಲ್ಲಿದೆ.

ಫುಕೊ 1858ರ ಸೆಪ್ಟೆಂಬರ್ 15ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಯೌವನದಲ್ಲಿ ವಿಶ್ವಾಸವನ್ನೂ ಕಳೆದುಕೊಂಡು, ಸೈನ್ಯಾಧಿಕಾರಿಯಾಗಿ, ಮೊರಾಕೊ ದೇಶದ ಶೋಧಕರಾಗಿ ಹೆಸರು ಮಾಡಿದವರು. 1886ರ ಅಕ್ಟೋಬರ್ ಕೊನೆಯಲ್ಲಿ ಪ್ಯಾರಿಸ್ಸಿನ ಸಂತ ಆಗಸ್ಟೀನರ ದೇವಾಲಯದಲ್ಲಿ ಯುವ್ಲ್ಯಾಂ ಎಂಬ ಗುರುಗಳ ಬಳಿ ಪಾಪನಿವೇದನೆ ಮಾಡಿ, ಅಲ್ಲಿಯೇ ಪರಮಪ್ರಸಾದ ಸ್ವೀಕರಿಸಿದರು. ಅವರ ಪರಿವರ್ತನೆ ಮೊದಲಿನಿಂದಲೂ ಪರಮಪ್ರಸಾದದೊಡನೆ ಹೆಣೆದುಕೊಂಡದ್ದು ಎಂಬುದನ್ನು ಮರೆಯುವಂತಿಲ್ಲ. 1890ರಲ್ಲಿ ಟ್ರಾಪಿಸ್ಟ್ ಮಠವನ್ನು ಸೇರಿ, ಏಳು ವರ್ಷಗಳ ಬಳಿಕ ಅದನ್ನು ಬಿಟ್ಟು, ನಜರೇತಿನಲ್ಲಿ ಸಂತ ಕ್ಲಾರಾ ಸಭೆಯ ಸನ್ಯಾಸಿನಿಯರ ಕೆಲಸದಾಳಾಗಿ ಗುಡಿಸಲಿನಲ್ಲಿ ವಾಸಿಸಿದರು. 1901ರ ಜೂನ್ 9ರಂದು ಗುರುದೀಕ್ಷೆ ಪಡೆದದ್ದು ಒಂದೇ ಉದ್ದೇಶದಿಂದ: ಯಾರೂ ಹೋಗದ ಕಡೆಗೆ, ಪೂಜೆಯನ್ನೇ ಕಾಣದ ಜನರ ನಡುವೆ, ಪರಮಪ್ರಸಾದವನ್ನು ಕೊಂಡೊಯ್ಯಬೇಕು. ಅದೇ ವರ್ಷದ ಕೊನೆಯಲ್ಲಿ ಅಲ್ಜೀರಿಯಾದ ಬೇನಿ ಅಬ್ಬೆಸ್‌ಗೆ ಬಂದರು; 1905ರ ಆಗಸ್ಟ್‌ನಲ್ಲಿ ಇನ್ನೂ ದಕ್ಷಿಣಕ್ಕೆ, ತುವಾರೆಗ್ ಜನರ ನಾಡಿಗೆ ಹೋಗಿ ತಮನ್‌ರಾಸೆಟ್‌ನಲ್ಲಿ ನೆಲೆಸಿದರು.

ಅವರನ್ನು ಏಕಾಂತವಾಸಿ ಎಂದು ಕರೆಯುವುದು ರೂಢಿಯಾಗಿದೆ. ರೆನೆ ಬಜ಼ಾಂ 1921ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯ ಪ್ರಭಾವ ಅದು. ಆದರೆ ಅವರ ಒಂಟಿತನ ಅವರು ಆರಿಸಿಕೊಂಡ ಆದರ್ಶವಾಗಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ. 1896ರಿಂದಲೇ ಅವರು ಕಿರಿಯ ಸಹೋದರರ ಒಂದು ಪುಟ್ಟ ಸಮುದಾಯಕ್ಕಾಗಿ ನಿಯಮಾವಳಿಗಳನ್ನು ಬರೆಯುತ್ತ ಬಂದಿದ್ದರು. ಬೇನಿ ಅಬ್ಬೆಸ್‌ನ ಮನೆಯನ್ನು ಸಹೋದರತ್ವದ ಮನೆ ಎಂದೇ ಕರೆದಿದ್ದರು. ಬಂದು ಸೇರಿದವರು ಮಾತ್ರ ಯಾರೂ ಇಲ್ಲ. 1906ರ ಕೊನೆಯಲ್ಲಿ ಮಿಶೆಲ್ ಎಂಬ ತರುಣನೊಬ್ಬ ಜೊತೆಗೂಡಿದ. ಕೆಲವೇ ತಿಂಗಳಲ್ಲಿ ದೇಹಬಲ ಸಾಲದೆ ಹಿಂದಿರುಗಬೇಕಾಯಿತು. ಅದಕ್ಕೂ ಮೊದಲು, ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಪಾಲ್ ಎಂಬಾತ ಪೂಜೆಯಲ್ಲಿ ನೆರವಾಗುತ್ತಿದ್ದ. 1906ರಲ್ಲಿ ಆತನೂ ಹೊರಟುಹೋಗಿದ್ದ. ಫುಕೊ ಬರೆದ ನಿಯಮಾವಳಿಗಳು ಸಾಮಾನ್ಯ ಮನುಷ್ಯ ಪಾಲಿಸಲಾಗದಷ್ಟು ಕಠಿಣವಾಗಿದ್ದವು ಎಂಬುದೂ ನಿಜ. ಸಂತರ ಕಠೋರತೆ ಕೆಲವೊಮ್ಮೆ ಜೊತೆಗಾರರನ್ನು ದೂರವಿಡುತ್ತದೆ. ಇದನ್ನು ಹೇಳಿದರೆ ಸಂತರಿಗೆ ಅಗೌರವವಾಗುವುದಿಲ್ಲ.

ಹೀಗಾಗಿ 1907ರ ಜುಲೈ ತಿಂಗಳಲ್ಲಿ ಅವರು ತಮನ್‌ರಾಸೆಟ್‌ಗೆ ಹಿಂದಿರುಗಿದಾಗ ಮುಂದೇನಾಗುವುದೆಂದು ಅವರಿಗೆ ತಿಳಿದಿತ್ತು. ಸೇವಕನಿಲ್ಲದೆ ಯಾಜಕನು ಬಲಿಪೂಜೆ ಅರ್ಪಿಸಬಾರದೆಂಬುದು ಧರ್ಮಸಭೆಯ ಹಳೆಯ ಶಿಸ್ತು. 1917ರ ಕಾನೂನು ಸಂಹಿತೆಯ 813ನೇ ವಿಧಿ ಅದನ್ನೇ ಮುಂದುವರಿಸಿತು. ಸಹರಾ ಪ್ರದೇಶದ ಪ್ರೇಷಿತ ಮುಖ್ಯಸ್ಥರಾಗಿದ್ದ ಗೆರ್ಯಾಂ ಅವರಿಗೆ ಫುಕೊ ಈ ವಿಷಯವನ್ನು ಮುಂಚಿತವಾಗಿಯೇ ಬರೆದು ಕೇಳಿದ್ದರು: ಪೂಜೆಯಿಲ್ಲದೆ ಹೊಗ್ಗಾರ್‌ನಲ್ಲಿರುವುದು ಮೇಲೋ, ಹೊಗ್ಗಾರನ್ನು ಬಿಟ್ಟು ಪೂಜೆ ಸಾಧ್ಯವಿರುವ ಕಡೆ ಇರುವುದು ಮೇಲೋ? ಅವರ ವಾದಸರಣಿ ನಮ್ಮ ತರಗತಿಗಳಲ್ಲಿ ಚರ್ಚೆಗೆ ಅರ್ಹವಾದುದು. ಮೊದಲು ತಾವು ಪೂಜೆಗಾಗಿ ಉಳಿದೆಲ್ಲವನ್ನೂ ತ್ಯಜಿಸಬೇಕೆಂದು ಭಾವಿಸುತ್ತಿದ್ದುದಾಗಿ ಅವರು ಒಪ್ಪಿಕೊಳ್ಳುತ್ತಾರೆ. ಆದರೆ ಪ್ರೇಷಿತರ ಕಾಲದಿಂದಲೂ ಮಹಾಸಂತರು ಕೆಲವು ಸಂದರ್ಭಗಳಲ್ಲಿ ಪ್ರೀತಿಯ ಸೇವೆಗಾಗಿ ಪೂಜೆಯ ಅವಕಾಶವನ್ನು ತ್ಯಜಿಸಿದ್ದಾರಲ್ಲವೇ? ಈ ನಾಡಿಗೆ ಬರಬಲ್ಲ ಯಾಜಕರು ಬೇರಾರೂ ಇಲ್ಲದಿರುವಾಗ, ಇಲ್ಲಿಯೇ ಉಳಿದು ಇಲ್ಲಿಯವನಾಗುವುದರಲ್ಲಿಯೇ ಒಂದು ಒಳಿತಿಲ್ಲವೇ? ಕೊನೆಗೆ ಅವರು ಹೊಗ್ಗಾರನ್ನೇ ಆರಿಸಿಕೊಂಡರು. ಪರಮಪ್ರಸಾದವನ್ನು ಕೊಂಡೊಯ್ಯಲೆಂದೇ ಗುರುವಾದವರು, ಆ ಜನರಿಗಾಗಿ ಪರಮಪ್ರಸಾದವನ್ನೇ ಬಿಟ್ಟುಕೊಟ್ಟರು. ಈ ನಿರ್ಧಾರ ದೈವಶಾಸ್ತ್ರದ ದೃಷ್ಟಿಯಿಂದ ಸರಿಯೋ ಎಂದು ಕೇಳುವವರಿದ್ದಾರೆ. ನಮಗೆ ಸರಿಯೆಂದೇ ತೋರುತ್ತದೆ. ಪೂಜೆಯಲ್ಲಿ ತನ್ನನ್ನೇ ನೀಡಿಕೊಳ್ಳುವವರನ್ನು ಅನುಸರಿಸಿದ ನಡೆ ಅದು. ಆದರೆ ಅದು ಸುಲಭವಾಗಿತ್ತೆಂದು ಅವರೆಲ್ಲೂ ನಟಿಸಲಿಲ್ಲ.

ಆ ಡಿಸೆಂಬರ್‌ಗೆ ಬರೋಣ. ಹದಿನೇಳು ತಿಂಗಳಿಂದ ಮಳೆಯಿಲ್ಲ. ಮೇಕೆಗಳ ಕೆಚ್ಚಲು ಒಣಗಿತ್ತು. ಹಾಲೇ ಪ್ರಧಾನ ಆಹಾರವಾದ ಜನರಿಗೆ ಅದು ಬರಗಾಲವೇ ಸರಿ. ತುವಾರೆಗ್ ಜನರ ಅನೇಕ ಡೇರೆಗಳು ಮೇವು ಅರಸಿ ದೂರ ಹೋಗಿದ್ದವು. ಫುಕೊ ತಮ್ಮಲ್ಲಿದ್ದ ಧಾನ್ಯವನ್ನು ಬಡವರಿಗೆ ಹಂಚುತ್ತ, ತಾವು ಅಲ್ಪಸ್ವಲ್ಪ ತಿನ್ನುತ್ತ, ಹಗಲೆಲ್ಲ ತುವಾರೆಗ್ ಭಾಷೆಯ ನಿಘಂಟಿನ ಕೆಲಸದಲ್ಲಿಯೂ ಆ ಜನರ ಪದ್ಯಗಳ ಸಂಗ್ರಹದಲ್ಲಿಯೂ ಮುಳುಗಿದ್ದರು. ಯಾರಾದರೂ ಕ್ರೈಸ್ತ ಅಧಿಕಾರಿಯೋ ಸೈನಿಕನೋ ಹಬ್ಬಕ್ಕೆ ಮುಂಚೆ ಬಂದಾನೆಂದು ಕೊನೆಯ ಗಳಿಗೆಯವರೆಗೂ ಕಾದರು. ಯಾರೂ ಬರಲಿಲ್ಲ. ಪರಿವರ್ತನೆಯಾದ 21 ವರ್ಷಗಳಲ್ಲಿ ಪೂಜೆಯಿಲ್ಲದ ಮೊದಲ ಕ್ರಿಸ್ಮಸ್ ಇದು ಎಂಬ ಲೆಕ್ಕ ಅವರಿಗೆ ನೆನಪಿತ್ತು. ಹೊಸ ವರ್ಷದ ದಿನವೂ ಪೂಜೆಯಿರಲಿಲ್ಲ.

ಭಕ್ತಿಪುಸ್ತಕಗಳು ಸಾಮಾನ್ಯವಾಗಿ ಈ ಹಂತದಲ್ಲಿ ಒಂದು ದಿವ್ಯ ಸಾಂತ್ವನವನ್ನು ತಂದಿಡುತ್ತವೆ: ಮರಳುಗಾಡಿನ ನಕ್ಷತ್ರಗಳು, ಬೆತ್ಲೆಹೇಮಿನ ನೆನಪು, ಉಕ್ಕಿಬಂದ ಆನಂದಬಾಷ್ಪ. ದಿನಚರಿಯಲ್ಲಿ ಅದಾವುದೂ ಇಲ್ಲ. ಅಲ್ಲಿ ಕಾಣುವುದು ಒಂದು ಇಲ್ಲದಿರುವಿಕೆಯ ಉಲ್ಲೇಖ ಮತ್ತು ಕೆಲಸವನ್ನು ಮುಂದುವರಿಸಿದ ಮನುಷ್ಯ. ಹಾಗಾದರೆ ಸಂತೋಷದ ಮಾತೆಲ್ಲಿ ಬಂತು?

ಇಲ್ಲಿ ಸಂತ ತೋಮಸ್ ಅಕ್ವಿನಾಸರ ಒಂದು ವಿಂಗಡಣೆ ನಮಗೆ ನೆರವಾಗುತ್ತದೆ. ಅವರ ದೈವಶಾಸ್ತ್ರ ಸಂಗ್ರಹದ ಎರಡನೆಯ ಭಾಗದ ಎರಡನೆಯ ವಿಭಾಗದಲ್ಲಿ, 28ನೇ ಪ್ರಶ್ನೆಯಲ್ಲಿ, ಸಂತೋಷವನ್ನು ಅವರು ಪ್ರತ್ಯೇಕ ಸದ್ಗುಣವೆಂದು ಎಣಿಸದೆ ದೈವಪ್ರೀತಿಯ ಫಲವೆಂದು ಕರೆಯುತ್ತಾರೆ. ಪ್ರೀತಿಯಿಂದ ಹುಟ್ಟುವ ಈ ಸಂತೋಷಕ್ಕೆ ಎರಡು ನೆಲೆಗಳು. ದೇವರು ತಮ್ಮಲ್ಲಿಯೇ ಪರಿಪೂರ್ಣ ಒಳಿತಾಗಿದ್ದಾರೆ ಎಂಬುದಕ್ಕಾಗಿ ಹರ್ಷಿಸುವುದು ಮೊದಲನೆಯದು. ಆ ಹರ್ಷದಲ್ಲಿ ದುಃಖ ಬೆರೆಯುವಂತಿಲ್ಲ, ಏಕೆಂದರೆ ದೇವರ ಒಳಿತಿಗೆ ಯಾವ ಕೊರತೆಯೂ ತಟ್ಟುವುದಿಲ್ಲ. ಆ ಒಳಿತಿನಲ್ಲಿ ನಾವು ಪಾಲುಗೊಳ್ಳುತ್ತಿದ್ದೇವೆ ಎಂಬುದಕ್ಕಾಗಿ ಹರ್ಷಿಸುವುದು ಎರಡನೆಯದು. ಇದರಲ್ಲಿ ದುಃಖ ಬೆರೆಯಬಹುದು, ಏಕೆಂದರೆ ನಮ್ಮ ಪಾಲುಗೊಳ್ಳುವಿಕೆಗೆ ಅಡ್ಡಿಗಳಿವೆ. ಫುಕೊ ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಿಚಾರ ಇದಕ್ಕೆ ತುಂಬ ಹತ್ತಿರದ್ದು: ಯೇಸುಸ್ವಾಮಿ ಪುನರುತ್ಥಾನರಾಗಿ ನಿತ್ಯಸುಖದಲ್ಲಿದ್ದಾರೆ, ಪ್ರೀತಿಸಿದವರ ಸುಖವೇ ಪ್ರೀತಿಸುವವನಿಗೆ ಸಾಕು. ಮೊದಲ ನೆಲೆಯ ಸಂತೋಷ ಇದು. 1907ರ ಕ್ರಿಸ್ಮಸ್‌ನಲ್ಲಿ ಅವರಿಂದ ಕಿತ್ತುಹೋದದ್ದು ಎರಡನೆಯದು, ಸಂಸ್ಕಾರದಲ್ಲಿ ಪಾಲುಗೊಳ್ಳುವ ಸಂತೋಷ. ಅದಕ್ಕಾಗಿ ಅವರು ದುಃಖಿಸಿದರು, ದುಃಖಿಸಲು ನಾಚಲೂ ಇಲ್ಲ. ಹಬ್ಬದಲ್ಲಿ ಒಂಟಿಯಾದವರಿಗೆ ಅಳಬೇಡಿರೆಂದು ಹೇಳುವ ನಮ್ಮ ಆತುರ ಈ ಎರಡನ್ನೂ ಒಂದಾಗಿಸಿಬಿಡುತ್ತದೆ.

ಚರಿತ್ರೆ ಇಲ್ಲಿಗೇ ನಿಂತಿದ್ದರೆ ಅದೊಂದು ಧೀರ ಸಹನೆಯ ಕಥೆಯಾಗುತ್ತಿತ್ತು. ಜನವರಿ 20ರಂದು ಫುಕೊ ನೆಲ ಹಿಡಿದರು. ತುಸು ಅಲುಗಿದರೂ ಉಸಿರುಗಟ್ಟುವಂಥ ನಿತ್ರಾಣ. ಸಾವು ಸಮೀಪಿಸಿತೆಂದು ಭಾವಿಸಿದರು. ಅಪೌಷ್ಟಿಕತೆ, ಅತಿಯಾದ ದುಡಿಮೆ, ನಿದ್ದೆಗೇಡು ಎಲ್ಲವೂ ಸೇರಿ ಬಂದ ಕುಸಿತ ಅದು. ಆಗ ಸುದ್ದಿ ತಿಳಿದ ತುವಾರೆಗ್ ನೆರೆಯವರು ಆ ಬರದಲ್ಲಿಯೂ ನಾಲ್ಕು ಕಿಲೋಮೀಟರ್ ಸುತ್ತಳತೆಯಲ್ಲಿ ಹಾಲು ಉಳಿದಿದ್ದ ಮೇಕೆಗಳನ್ನೆಲ್ಲ ಹುಡುಕಿ ಹಾಲು ಕರೆದು ತಂದು ಕುಡಿಸಿದರು. ಅವರ ಮಕ್ಕಳಿಗೂ ಸಾಲದಿದ್ದ ಹಾಲು ಅದು. ಅವರೆಲ್ಲರೂ ಮುಸ್ಲಿಮರು.

ತಮನ್‌ರಾಸೆಟ್‌ನಲ್ಲಿಯೇ ಬಹುಕಾಲ ವಾಸಿಸಿದ ಅಂತ್ವಾನ್ ಶತೆಲಾರ್ ಮೊದಲಾದ ಸಂಶೋಧಕರು ಈ ಕಾಯಿಲೆಯನ್ನು ಫುಕೊ ಜೀವನದ ನಿರ್ಣಾಯಕ ತಿರುವೆಂದು ಗುರುತಿಸಿದ್ದಾರೆ. ಅದುವರೆಗೆ ಅವರು ಕೊಡುವವರು: ಧಾನ್ಯ, ಔಷಧ, ಸೂಜಿ, ಬುದ್ಧಿಮಾತು. ಕೊಡುವವನಿಗೂ ಪಡೆಯುವವನಿಗೂ ನಡುವೆ ಎಷ್ಟೇ ಪ್ರೀತಿಯಿದ್ದರೂ ಒಂದು ಮೆಟ್ಟಿಲ ಅಂತರ ಉಳಿದೇ ಉಳಿಯುತ್ತದೆ. ಮಲಗಿದಲ್ಲಿಂದ ಏಳಲಾರದೆ ಮೇಕೆಯ ಹಾಲಿಗಾಗಿ ಪರರನ್ನು ಅವಲಂಬಿಸಿದಾಗ ಆ ಅಂತರ ಕರಗಿತು. ಕ್ರಿಸ್ತಜಯಂತಿಯ ದೈವಶಾಸ್ತ್ರವನ್ನು ಬೋಧಿಸುವ ನಾವು ಈ ಘಟನೆಯನ್ನು ಸುಮ್ಮನೆ ದಾಟಿಹೋಗಲಾರೆವು. ಮನುಷ್ಯಾವತಾರವೆಂದರೆ ದೇವರು ಮನುಷ್ಯರಿಗೆ ಕೊಟ್ಟದ್ದು ಎಂದಷ್ಟೇ ಹೇಳಿ ನಿಲ್ಲಿಸುವುದು ನಮ್ಮ ಪಾಠಗಳ ದೌರ್ಬಲ್ಯ. ಗೋದಲಿಯಲ್ಲಿ ಮಲಗಿದವರು ಒಬ್ಬ ತಾಯಿಯ ಹಾಲನ್ನು ಬೇಡಿದವರು. ಪಡೆಯದೆ ಬದುಕಲಾರದ ಸ್ಥಿತಿಯನ್ನು ದೇವರ ಮಗ ಒಪ್ಪಿಕೊಂಡರು. ಡಿಸೆಂಬರ್ 25ರಂದು ಪೂಜೆಯ ರೂಪದಲ್ಲಿ ಬಾರದ ಹಬ್ಬ ಜನವರಿಯಲ್ಲಿ ಬಟ್ಟಲಿನಲ್ಲಿ ಬಂತೆಂದು ನಾವು ಓದಿಕೊಳ್ಳುತ್ತೇವೆ. ಇದು ನಮ್ಮ ಓದು. ಫುಕೊ ಹೀಗೆ ಬರೆದಿದ್ದಾರೆಂದು ಯಾರೂ ತಿಳಿಯದಿರಲಿ. ಸಂಸ್ಕಾರಕ್ಕೆ ಹಾಲು ಬದಲಿಯೆಂಬ ಅರ್ಥವೂ ಇಲ್ಲಿಲ್ಲ. ಹಾಸಿಗೆಯಲ್ಲಿದ್ದ ಫುಕೊ ಪೂಜೆಗಾಗಿ ಹಂಬಲಿಸುವುದನ್ನು ಬಿಡಲಿಲ್ಲ.

ಜನವರಿ 31ರಂದು ಸುದ್ದಿ ಬಂತು. ಗೆರ್ಯಾಂ ಅವರ ಬಿನ್ನಹದ ಮೇರೆಗೆ, ಸೇವಕನಿಲ್ಲದೆ ಒಬ್ಬರೇ ಬಲಿಪೂಜೆ ಅರ್ಪಿಸಲು ಜಗದ್ಗುರು ಹತ್ತನೇ ಪಿಯುಸರು ಅನುಮತಿ ನೀಡಿದ್ದರು. ದಿನಚರಿಯಲ್ಲಿ ದೇವರಿಗೆ ಕೃತಜ್ಞತೆಯ ಮಾತು ಒಂದರ ಹಿಂದೊಂದು ಮರುಕಳಿಸುತ್ತದೆ. ಡಿಸೆಂಬರ್ 25ರ ಒಣ ಸಾಲಿನ ಪಕ್ಕದಲ್ಲಿಟ್ಟು ಓದಿದರೆ ಆ ಸಾಲು ಎಷ್ಟನ್ನು ನುಂಗಿಕೊಂಡಿತ್ತೆಂದು ಅರಿವಾಗುತ್ತದೆ. ಮರುದಿನ ಅವರು ಪೂಜೆ ಅರ್ಪಿಸಿದರು. ಆದರೆ ಒಬ್ಬರೇ ಇರುವಾಗ ಪರಮಪ್ರಸಾದವನ್ನು ಪ್ರಸಾದ ಪೆಟ್ಟಿಗೆಯಲ್ಲಿ ಕಾಪಿಡಲು ಅಪ್ಪಣೆ ಇರಲಿಲ್ಲ. ಅದಕ್ಕಾಗಿ ಇನ್ನೂ ಹಲವು ವರ್ಷ ಕಾಯಬೇಕಾಯಿತು.

ಒಬ್ಬನೇ ಯಾಜಕ ‘ಪ್ರಭು ನಿಮ್ಮೊಂದಿಗಿರಲಿ’ ಎನ್ನುವುದು ಯಾರಿಗೆ? ಹಳೆಯ ಶಿಸ್ತಿನ ಹಿಂದೆ ಇದ್ದದ್ದು ಈ ಪ್ರಶ್ನೆಯೇ, ಮತ್ತು ಅದು ಬರಿಯ ಕಾನೂನಿನ ತೊಡಕಲ್ಲ. ಹನ್ನೊಂದನೇ ಶತಮಾನದಲ್ಲಿ ಲಿಯೊ ಎಂಬ ಏಕಾಂತವಾಸಿ ಇದನ್ನೇ ಸಂತ ಪೀಟರ್ ದಾಮಿಯನರಿಗೆ ಕೇಳಿದ್ದರು: ಗುಹೆಯಲ್ಲಿ ಒಬ್ಬನೇ ಪ್ರಾರ್ಥನಾವಿಧಿ ನಡೆಸುವವನು ಬಹುವಚನದ ಈ ಆಶೀರ್ವಾದವನ್ನು ಗೋಡೆಗೆ ಹೇಳಬೇಕೇ, ಉತ್ತರವನ್ನು ತಾನೇ ಹೇಳಿಕೊಳ್ಳಬೇಕೇ? ದಾಮಿಯನರು ಒಂದು ಗ್ರಂಥವನ್ನೇ ಬರೆದು ಉತ್ತರಿಸಿದರು. ಪ್ರೀತಿಯ ಬಂಧದಿಂದ ಧರ್ಮಸಭೆ ಅನೇಕರಲ್ಲಿ ಒಂದಾಗಿಯೂ, ಒಬ್ಬೊಬ್ಬರಲ್ಲಿ ಪೂರ್ಣವಾಗಿಯೂ ಇದೆ. ಆದ್ದರಿಂದ ಒಂಟಿಯಾದ ಸನ್ಯಾಸಿಯ ಬಾಯಲ್ಲಿ ಇಡೀ ಧರ್ಮಸಭೆ ಕೇಳುತ್ತದೆ, ಇಡೀ ಧರ್ಮಸಭೆ ಉತ್ತರಿಸುತ್ತದೆ ಎಂಬುದು ಅವರ ನಿಲುವು. 1965ರ ಸೆಪ್ಟೆಂಬರ್‌ನಲ್ಲಿ ಆರನೇ ಪೌಲರು ಪರಮಪ್ರಸಾದ ಕುರಿತ ತಮ್ಮ ವಿಶ್ವಪರಿಪತ್ರದಲ್ಲಿ, ಯಾಜಕನೊಬ್ಬನೇ ಅರ್ಪಿಸಿದರೂ ಯಾವ ಪೂಜೆಯೂ ಖಾಸಗಿಯಲ್ಲ, ಅದು ಕ್ರಿಸ್ತರ ಮತ್ತು ಧರ್ಮಸಭೆಯ ಕ್ರಿಯೆ ಎಂದು ಸಾರಿದ್ದು ಇದೇ ದಾರಿಯಲ್ಲಿ. 1983ರ ಸಂಹಿತೆಯ 906ನೇ ವಿಧಿಯ ಪ್ರಕಾರ ನ್ಯಾಯಯುತ ಕಾರಣವಿದ್ದರೆ ವಿಶ್ವಾಸಿಯೊಬ್ಬನ ಭಾಗವಹಿಸುವಿಕೆ ಇಲ್ಲದೆಯೂ ಪೂಜೆ ಅರ್ಪಿಸಬಹುದು. ಫುಕೊಗೆ ರೋಮಿನಿಂದ ಬರಬೇಕಾಗಿದ್ದ ಅನುಮತಿ ಇಂದು ನಮ್ಮೆಲ್ಲರ ಕೈಯಲ್ಲಿದೆ. ನಾವು ಅದನ್ನು ಸ್ವಲ್ಪ ಅಗ್ಗವಾಗಿಯೇ ಬಳಸುತ್ತಿದ್ದೇವೆಂದು ಹೇಳದೆ ಇರಲಾರೆವು.

2020ರ ಏಪ್ರಿಲ್ 12ರ ಪಾಸ್ಖ ಹಬ್ಬದಂದು ಕರ್ನಾಟಕದ ದೇವಾಲಯಗಳಲ್ಲಿಯೂ ಯಾಜಕರು ಖಾಲಿ ಪೀಠಗಳ ಮುಂದೆ ಪೂಜೆ ಅರ್ಪಿಸಿದರು. ಅಂದು ಯಾಜಕರಿಗೆ ಪೂಜೆಯಿತ್ತು, ಪೂಜೆಯಿಲ್ಲದಿದ್ದವರು ವಿಶ್ವಾಸಿಗಳು. ಫುಕೊ ಅವರ ಕ್ರಿಸ್ಮಸ್ಸಿಗೆ ಹತ್ತಿರವಾದದ್ದು ಅಂದು ಮನೆಯಲ್ಲಿ ಒಬ್ಬಳೇ ಕುಳಿತಿದ್ದ ವೃದ್ಧೆಯ ಅನುಭವ, ನಮ್ಮದಲ್ಲ. ನಮ್ಮ ನಾಡಿಗೆ ಇನ್ನೂ ಹಳೆಯ ನೆನಪೊಂದಿದೆ. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಕೆನರಾದ ಕ್ರೈಸ್ತರು ಗುರುಗಳಿಲ್ಲದೆ ಹಬ್ಬದ ಮೇಲೆ ಹಬ್ಬ ಕಳೆದರು. ಆದರೆ ಅವರಿಗೆ ಒಬ್ಬರಿಗೊಬ್ಬರು ಇದ್ದರು. ಫುಕೊ ಅವರೊಂದಿಗೆ ಒಂದೇ ದಿನ, 2022ರ ಮೇ 15ರಂದು, ಸಂತ ಪದವಿಗೇರಿದ ದೇವಸಹಾಯಂ ಅವರದು ಬೇರೆ ಬಗೆಯ ಒಂಟಿತನ. 1749ರಲ್ಲಿ ಬಂಧಿತರಾಗಿ 1752ರ ಜನವರಿಯಲ್ಲಿ ಗುಂಡೇಟಿಗೆ ಬಲಿಯಾಗುವವರೆಗೆ ಮೂರು ಕ್ರಿಸ್ಮಸ್‌ಗಳು ಅವರಿಗೆ ಸಂಕೋಲೆಯಲ್ಲಿ ಕಳೆದವು. ಸಂತ ಪೇತ್ರರ ಚೌಕದಲ್ಲಿ ಆ ಎರಡು ಹೆಸರುಗಳನ್ನು ಒಟ್ಟಿಗೆ ಓದಿದ್ದು ಕಾಕತಾಳೀಯವೇ ಇರಬಹುದು. ದಕ್ಷಿಣ ಭಾರತದ ಗುರುಮಠಗಳಲ್ಲಿ ಇವರಿಬ್ಬರನ್ನೂ ಜೊತೆಯಾಗಿ ಓದಿಸಲು ಅದೊಂದು ಒಳ್ಳೆಯ ನೆಪ.

ಫುಕೊ ಅವರನ್ನು ಮಾದರಿಯಾಗಿ ಎತ್ತಿಹಿಡಿಯುವಾಗ ಎರಡು ಎಚ್ಚರಿಕೆಗಳು ಬೇಕು. ಅವರು ಫ್ರೆಂಚ್ ಸೈನ್ಯಾಧಿಕಾರಿ ಲಾಪೆರಿನ್ ಅವರ ಆಪ್ತ ಗೆಳೆಯರು. ವಸಾಹತು ಆಡಳಿತವಿಲ್ಲದೆ ಅವರು ಹೊಗ್ಗಾರ್ ತಲುಪುತ್ತಿರಲಿಲ್ಲ. ಅವರ ಪತ್ರಗಳಲ್ಲಿ ಇಂದು ನಾವು ಒಪ್ಪಲಾರದ ರಾಜಕೀಯ ಮಾತುಗಳೂ ಇವೆ. ಮತ್ತೊಂದು ಇನ್ನೂ ಮುಖ್ಯವಾದುದು. ಅವರು ಹೊಗ್ಗಾರನ್ನು ಬಿಟ್ಟು ಹೋಗಬಹುದಿತ್ತು, ಉಳಿದದ್ದು ಅವರ ಸ್ವಂತ ನಿರ್ಧಾರ. ಮಕ್ಕಳೆಲ್ಲ ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರಿನಲ್ಲೋ ಇದ್ದು, ಡಿಸೆಂಬರ್ 24ರ ರಾತ್ರಿ ಪೂಜೆಗೆ ಕರೆದೊಯ್ಯುವವರಿಲ್ಲದೆ, ಯಾರೋ ತಂದಿಟ್ಟ ಕುಸ್ವಾರ್ ತಟ್ಟೆಯ ಮುಂದೆ ಕುಳಿತ ತಾಯಿಗೆ ಅಂಥ ಆಯ್ಕೆಯಿಲ್ಲ. ಅವರಿಗೆ ಫುಕೊ ಅವರ ಧೈರ್ಯವನ್ನು ಉಪದೇಶಿಸುವುದು ಕ್ರೌರ್ಯವಾದೀತು. ಆ ಮನೆಯ ಪಾಲಿಗೆ ನಾವು ತಮನ್‌ರಾಸೆಟ್‌ನಿಂದ ಕಲಿಯಬೇಕಾದದ್ದು ಮೇಕೆಗಳನ್ನು ಹುಡುಕಿಕೊಂಡು ಹೋದವರಿಂದ. ಡಿಸೆಂಬರ್ 25ರ ಮಧ್ಯಾಹ್ನ ಯಾಜಕನ ಕೈಯಲ್ಲಿ ಪರಮಪ್ರಸಾದವಿದೆ, ದ್ವಿಚಕ್ರ ವಾಹನವಿದೆ, ನಿದ್ದೆಯೂ ಕಣ್ಣೆಳೆಯುತ್ತಿರುತ್ತದೆ.

ಯಾಜಕರ ಒಂಟಿತನದ ಬಗ್ಗೆಯೂ ಒಂದು ಮಾತು. ಮಧ್ಯರಾತ್ರಿಯ ಪೂಜೆ, ಉಪಕೇಂದ್ರಗಳ ಬೆಳಗಿನ ಪೂಜೆಗಳು, ಶುಭಾಶಯಗಳ ನೂಕುನುಗ್ಗಲು ಮುಗಿದ ಮೇಲೆ ಗುರುಮಂದಿರದ ಬಾಗಿಲು ಮುಚ್ಚಿಕೊಂಡಾಗ ಆವರಿಸುವ ಖಾಲಿತನ ಗುರುಮಠದ ಪಠ್ಯಕ್ರಮದಲ್ಲಿ ಇಲ್ಲ. ಅನೇಕ ತರುಣ ಗುರುಗಳು ಅದನ್ನು ಪ್ರಾರ್ಥನೆಯ ಸೋಲೆಂದು ತಿಳಿದು ಮುಚ್ಚಿಡುತ್ತಾರೆ, ಅಥವಾ ಮೊಬೈಲಿನಿಂದ ತುಂಬಿಕೊಳ್ಳುತ್ತಾರೆ. ಫುಕೊ ಅದನ್ನು ಮುಚ್ಚಿಡಲಿಲ್ಲ. ಇದ್ದದ್ದನ್ನು ದಿನಚರಿಯಲ್ಲಿ ಬರೆದರು, ಪತ್ರದಲ್ಲಿ ಹೇಳಿಕೊಂಡರು, ಮೇಲಧಿಕಾರಿಗಳನ್ನು ಕೇಳಿದರು, ನೆರೆಯವರು ಬಂದಾಗ ಬಾಗಿಲು ತೆರೆದರು.

1916ರ ಡಿಸೆಂಬರ್ 1ರ ಸಂಜೆ ದಾಳಿಕಾರರು ಅವರನ್ನು ಮನೆಯಿಂದ ಹೊರಗೆಳೆದು ಕಟ್ಟಿಹಾಕಿದರು. ಕಾವಲಿದ್ದವನ ಗುಂಡಿಗೆ ಅವರು ಬಲಿಯಾದರು. ಕೆಲವು ವಾರಗಳ ಬಳಿಕ ಬಂದ ಸೈನಿಕರಿಗೆ ಪರಮಪ್ರಸಾದವಿದ್ದ ಅರುಲಿಕ ಪಾತ್ರೆ ಮರಳಿನಲ್ಲಿ ದೊರೆಯಿತು. ಅವರು ಹಂಬಲಿಸಿದ್ದ ಸಹೋದರರು ಅವರ ಜೀವಿತಕಾಲದಲ್ಲಿ ಬರಲೇ ಇಲ್ಲ. ಆ ನಾಡಿನ ತುವಾರೆಗ್ ನಾಯಕ ಮೂಸಾ ಅಗ್ ಅಮಾಸ್ತಾನ್ ಸುದ್ದಿ ಕೇಳಿದವನೇ ಫ್ರಾನ್ಸಿನಲ್ಲಿದ್ದ ಫುಕೊ ಅವರ ತಂಗಿಗೆ ಪತ್ರ ಬರೆಸಿದ. ತಾನು ಬಹಳ ಅತ್ತೆನೆಂದೂ, ದೊಡ್ಡ ಶೋಕದಲ್ಲಿರುವೆನೆಂದೂ ಅದರಲ್ಲಿ ತಿಳಿಸಿದ್ದಾನೆ. ಪತ್ರದ ಮೇಲಿರುವುದು ಹಿಜರಿ ಪಂಚಾಂಗದ ಸಫರ್ ತಿಂಗಳ ತಾರೀಖು. ನಮ್ಮ ಲೆಕ್ಕದಲ್ಲಿ ಅದು ಡಿಸೆಂಬರ್ ನಡುಭಾಗ, ಕ್ರಿಸ್ಮಸ್ಸಿಗೆ ಇನ್ನು ಕೆಲವೇ ದಿನಗಳಿದ್ದವು.